ಎರೆಯ ಹೊಲಕ್ಕೆ ತಕ್ಕ ಸಾಧನ

(ಮಠದ ಅಮೃತಮಹೋತ್ಸವದ ಒಕ್ಕಲುತನದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ವೇದಿಕೆಯ ಮೇಲೆ ನಾನು ನಿಂತೊಡನೆ ವ್ಯಾಕರಣವನ್ನೋ ಸಿದ್ಧಾಂತವನ್ನೋ ಕುರಿತು ಮಾತನಾಡುವೆನೆಂದು ತಮ್ಮಲ್ಲಿ ಅನೇಕರು ಎಣಿಸಿರಬಹುದು. ಮೂವತ್ತು ವರ್ಷಗಳಿಂದ ಈ ಮಠದ ಪಾಠಶಾಲೆಯಲ್ಲಿ ಅದೇ ನನ್ನ ಕೆಲಸವಾಗಿದೆ. ಆದರೆ ಹೋದ ತಿಂಗಳು ಒಂದು ಸಂಗತಿ ನಡೆಯಿತು. ನಮ್ಮ ಭಕ್ತರೊಬ್ಬರು ಮಹೋತ್ಸವದ ನೆನಪಿಗಾಗಿ ಮಠದ ಹೊಲಗಳಿಗೆ ಒಂದು ಟ್ರ್ಯಾಕ್ಟರನ್ನು ಕಾಣಿಕೆಯಾಗಿ ಕೊಡುವೆನೆಂದು ಶ್ರೀಗಳವರಲ್ಲಿ ಬಿನ್ನವಿಸಿಕೊಂಡರು. ಅದರ ಬೆನ್ನಿಗೆ ಕಟ್ಟಲಿಕ್ಕೆ ಒಂದು ರೋಟಾವೇಟರನ್ನೂ ಕೊಡುವದಾಗಿ ಹೇಳಿ, ಇನ್ನು ಎತ್ತುಗಳನ್ನೂ ಹಳೆಯ ಕುಂಟೆಗಳನ್ನೂ ಇಟ್ಟುಕೊಳ್ಳುವ ಪ್ರಯೋಜನವಿಲ್ಲವೆಂದೂ ಸೂಚಿಸಿದರು. ಅವರ ಭಕ್ತಿ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಶ್ರೀಗಳವರು ಎಲ್ಲವನ್ನೂ ಕೇಳಿಕೊಂಡು ನನ್ನ ಕಡೆಗೆ ತಿರುಗಿ, “ಶಾಸ್ತ್ರಿಗಳೇ, ನೀವು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಮಠದ ಹೊಲವೆಲ್ಲ ಎರೆ. ಎರೆಗೆ ಯಾವದು ಸಲ್ಲುವದು, ಯಾವದು ಸಲ್ಲದು ಎಂಬದನ್ನು ಗೋಷ್ಠಿಯಲ್ಲಿ ಹೇಳಿರಿ. ಭಕ್ತರಿಗೂ ಅದು ಬೇಕಾದ ಮಾತೇ” ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯನ್ನು ಶಿರಸಾವಹಿಸಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವೆನು.

ಪಾಠಶಾಲೆಯ ಮನುಷ್ಯನಾದುದರಿಂದ ಪಾಠಶಾಲೆಯ ಮಾತಿನಿಂದಲೇ ತೊಡಗುತ್ತೇನೆ. ವ್ಯಾಕರಣದಲ್ಲಿ ಆರು ಕಾರಕಗಳಿವೆ. ಅವುಗಳಲ್ಲಿ ಕರಣವೆಂಬದು ಒಂದು. ಕ್ರಿಯೆಯು ಕೈಗೂಡುವದಕ್ಕೆ ಎಲ್ಲಕ್ಕಿಂತ ಹತ್ತಿರದ ನೆರವಾಗುವದು ಯಾವದೋ ಅದೇ ಕರಣ. ಕೊಡಲಿಗೆ ಕರಣವೆಂಬ ಹೆಸರು ಬರುವದು ಕಡಿಯುವ ಕ್ರಿಯೆಯಿಂದ. ಗೋಡೆಗೆ ಆನಿಸಿಟ್ಟ ಕೊಡಲಿ ಬರಿಯ ವಸ್ತು. ಹೀಗಿರುವಲ್ಲಿ, ಕ್ರಿಯೆಯನ್ನು ಗೊತ್ತುಮಾಡಿಕೊಳ್ಳದೆ ಕರಣವನ್ನು ಆರಿಸಲಿಕ್ಕೆ ಬರುವದಿಲ್ಲ. ಪೇಟೆಗೆ ಹೋಗಿ “ಒಳ್ಳೆಯ ನೇಗಿಲು ಯಾವದು?” ಎಂದು ಕೇಳುವವನು, ರೋಗವನ್ನು ಹೇಳದೆ “ಒಳ್ಳೆಯ ಔಷಧ ಯಾವದು?” ಎಂದು ಕೇಳಿದವನಂತೆಯೇ ಸರಿ. ಅಂಗಡಿಯವನು ತನ್ನಲ್ಲಿ ಇದ್ದದ್ದನ್ನು ಕೊಡುವನು. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಹೊಲವು ನಮ್ಮಿಂದ ಬೇಡುವ ಕ್ರಿಯೆ ಯಾವದೆಂದು ತಿಳಿಯಬೇಕಾದರೆ ಎರೆಯ ಸ್ವಭಾವವನ್ನು ಮೊದಲು ನೆನೆಯಬೇಕು. ತಮ್ಮೆದುರು ಎರೆಯನ್ನು ವರ್ಣಿಸುವದು ತವರುಮನೆಯ ಸುದ್ದಿಯನ್ನು ತಾಯಿಗೆ ಹೇಳಿದಂತಾಗುವದು. ಆದರೂ ಒಂದೆರಡು ಮಾತು ಬೇಕು. ನಮ್ಮ ಡೋಣಿ ಸೀಮೆಯ ಎರೆಯಲ್ಲಿ ನೂರಕ್ಕೆ ಐವತ್ತು ಪಾಲಿನ ಆಚೆಈಚೆ ಬರಿಯ ಜೇಡಿಯೇ ಇರುವದು. ಆ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ತೆಳುವಾದ ಪದರುಗಳು. ನೀರು ಆ ಹಾಳೆಗಳ ನಡುವೆಯೇ ಹೊಕ್ಕು ಅವುಗಳನ್ನು ಅಗಲಿಸುವದು. ಶಾಸ್ತ್ರಜ್ಞರು ಈ ಜಾತಿಯ ಜೇಡಿಗೆ ಮಾಂಟ್‌ಮೊರಿಲೊನೈಟ್ ಎಂದು ಹೆಸರಿಟ್ಟಿದ್ದಾರೆ. ಆದುದರಿಂದಲೇ ಎರೆಯು ತೊಯ್ದರೆ ಉಬ್ಬುವದು, ಒಣಗಿದರೆ ಕುಗ್ಗಿ ಬಾಯಿ ಬಿಡುವದು. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಬಾರುಕೋಲು ಇಳಿದುಹೋಗುವದನ್ನು ಕಾಣದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಮೇಲಿನ ಹುಡಿಮಣ್ಣು ಆ ಬಿರುಕಿನೊಳಗೆ ಬೀಳುವದು. ಮಳೆ ಬಂದು ಬಿರುಕು ಕೂಡಿದಾಗ ಕೆಳಗಿನ ಮಣ್ಣು ಮೇಲಕ್ಕೆ ಒತ್ತಿ ಬರುವದು. ಹೀಗೆ ವರ್ಷವರ್ಷವೂ ಎರೆಯು ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ಉತ್ತುಕೊಳ್ಳುವದು. ಮಸಾರಿ ಭೂಮಿಗೆ ಈ ಗುಣವಿಲ್ಲ. ಮಸಾರಿಯ ಒಕ್ಕಲಿಗನು ಮಾಡಲೇಬೇಕಾದ ಎಷ್ಟೋ ಕೆಲಸವನ್ನು ನಮ್ಮ ಹೊಲದಲ್ಲಿ ಬಿಸಿಲೂ ಮಳೆಯೂ ಕೂಲಿಯಿಲ್ಲದೆ ಮಾಡಿಕೊಡುತ್ತವೆ.

ಈ ವರಕ್ಕೆ ತಕ್ಕ ಶಾಪವೂ ಇದೆ. ಒಣಗಿದ ಎರೆ ಕಲ್ಲು, ತೊಯ್ದ ಎರೆ ಅಂಟು. ಇವೆರಡರ ನಡುವೆ ಹದವೆಂಬ ಒಂದು ಸಣ್ಣ ಸಂದು ಇರುವದು. ಮಸಾರಿಯಲ್ಲಿ ಮಳೆ ನಿಂತ ಮಾರನೆಯ ದಿನವೇ ನೇಗಿಲು ಹೂಡಬಹುದು, ವಾರ ಬಿಟ್ಟೂ ಹೂಡಬಹುದು. ಎರೆಯಲ್ಲಿ ಹದವು ತಡವಾಗಿ ಬರುವದು, ಬೇಗ ಹೋಗುವದು. ಕೆಲವೊಮ್ಮೆ ನಾಲ್ಕು ದಿನ, ಕೆಲವೊಮ್ಮೆ ಎರಡೇ ದಿನ. ಆ ಸಂದಿನಲ್ಲಿ ಕೆಲಸ ಮುಗಿಯಬೇಕು. ಅದಕ್ಕಿಂತ ಮೊದಲು ಕೈಹಾಕಬಾರದು. ಎರೆಯಲ್ಲಿ ಸಲಕರಣೆಯ ವಿಚಾರವೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುವದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಲಿತ ಬಗೆಯನ್ನು ಹೇಳಲಿಕ್ಕೆ ನಾಚಿಕೆಯಾಗುವದಾದರೂ ಹೇಳಿಬಿಡುತ್ತೇನೆ.

2009ನೆಯ ಇಸವಿಯ ಸಪ್ಟೆಂಬರದ ಕೊನೆಗೂ ಅಕ್ಟೋಬರದ ಮೊದಲಿಗೂ ನಮ್ಮ ಸೀಮೆಯಲ್ಲಿ ಬಂದ ಮಳೆ ತಮಗೆ ನೆನಪಿದೆ. ಮನೆಗಳು ಬಿದ್ದವು, ಊರುಗಳು ನೀರಲ್ಲಿ ನಿಂತವು. ನಮ್ಮ ಮನೆತನದ ಪಾಲಿಗೆ ಒಂದು ಕೂರಿಗೆ ಹೊಲ, ಅಂದರೆ ನಾಲ್ಕು ಎಕರೆ ಎರೆ. ಅದನ್ನು ನಮ್ಮ ಅಣ್ಣನು ಮಾಡುತ್ತಿದ್ದನು. ಮಳೆ ನಿಂತು ಏಳು ದಿನಗಳಾಗಿದ್ದವು. ನಾನು ಊರಿಗೆ ಹೋದಾಗ ಹೊಲದ ಮೇಲ್ಮೈ ಬೆಳ್ಳಗಾಗಿ ಕಂಡಿತು. ಹಿಂಗಾರಿ ಬಿತ್ತಿಗೆಯ ಕಾಲ ಮೀರುತ್ತಿತ್ತು. ಬಿಳಿಜೋಳ ತಡವಾದರೆ ಸುಳಿಗೆ ನೊಣ ಬೀಳುವದೆಂಬ ಹೆದರಿಕೆ. ಆ ವರ್ಷವೇ ಪಕ್ಕದ ಊರಿಗೆ ಬಾಡಿಗೆಯ ರೋಟಾವೇಟರೊಂದು ಬಂದಿತ್ತು. ಒಂದು ಮಧ್ಯಾಹ್ನದಲ್ಲಿ ನಾಲ್ಕು ಎಕರೆಯನ್ನೂ ಹುಡಿಹುಡಿ ಮಾಡಿ ಕೊಡುವದೆಂದು ಕೇಳಿ ಅದನ್ನು ಕರೆಯಿಸಲು ಹೇಳಿದೆನು. ಅಣ್ಣನು ಹೊಲದೊಳಗೆ ನಾಲ್ಕು ಹೆಜ್ಜೆ ನಡೆದು, ಹಿಮ್ಮಡಿಯಿಂದ ಮಣ್ಣನ್ನು ಒತ್ತಿ ನೋಡಿ, “ತಮ್ಮಾ, ಮ್ಯಾಲಷ್ಟ ಆರೇತಿ. ಒಳಗ ಇನ್ನೂ ರಾಡಿನs ಐತಿ. ನಾಕು ದಿನ ತಡಿ, ಕುಂಟಿ ಹೊಡದ ಬಿತ್ತೂಣು” ಎಂದನು. ನಾನು ಓದಿದವನು; ಅವನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಾಲ ಕಳೆದರೆ ಯಾರು ಹೊಣೆಯೆಂದು ವಾದಿಸಿದೆನು. ಹಿರಿಯನಾದರೂ ಅವನು ನನ್ನ ಓದಿಗೆ ಮರ್ಯಾದೆ ಕೊಟ್ಟು ಸುಮ್ಮನಾದನು. ಇಂದಿಗೂ ನನ್ನನ್ನು ನೋಯಿಸುವದು ಅವನ ಆ ಸುಮ್ಮನಾಗುವಿಕೆ.

ಹೊಲವು ಸಂಜೆಗೆ ರವೆಯಂತೆ ಆಯಿತು. ಕಣ್ಣಿಗೆ ಅಷ್ಟು ಚೆಲುವಾದ ಹೊಲವನ್ನು ನಾನು ಮೊದಲು ಕಂಡಿರಲಿಲ್ಲ. ಜೋಳ ಬಿತ್ತಿದೆವು, ಚೆನ್ನಾಗಿ ನಾಟಿತು. ಮುಂದೆ ಹೊಲ ಹಸಿರಾಗಿ ನಿಂತಿತ್ತು. ನಾನು ಅಣ್ಣನಿಗೆ ಒಂದೆರಡು ಮಾತು ಆಡಿಯೂ ಬಿಟ್ಟೆನು. ಡಿಸೆಂಬರ ಕಳೆಯುತ್ತಲೆ, ಮೇಲಿನ ಹಸಿ ತೀರಿ ಪೈರು ಆಳದ ಹಸಿಯನ್ನು ಉಣ್ಣಬೇಕಾದ ಹೊತ್ತಿಗೆ, ಎಲೆ ಸುರುಳಿಯಾಗತೊಡಗಿತು. ತೆನೆ ಹೊರಬೀಳುವ ಕಾಲಕ್ಕೆ ಹೊಲ ಬೂದಿಬಣ್ಣ ತಾಳಿತು. ಅಣ್ಣನು ಸಲಿಕೆಯಿಂದ ಒಂದು ಗಿಡದ ಬುಡವನ್ನು ತೋಡಿ ತೋರಿಸಿದನು. ಬೇರುಗಳು ನಾಲ್ಕೈದು ಬೆರಳು ಕೆಳಕ್ಕೆ ಹೋಗಿ, ಅಲ್ಲಿ ಗಾರೆ ಹಚ್ಚಿದ ನೆಲಕ್ಕೆ ಮುಟ್ಟಿದವುಗಳಂತೆ ಅಡ್ಡಲಾಗಿ ಹೊರಳಿ ಹರಡಿದ್ದವು. ಅದರ ಕೆಳಗೆ ಹಸಿ ಇತ್ತು, ಕೈಗೆ ತಣ್ಣಗೆ ತಗಲುತ್ತಿತ್ತು. ಬೇರು ಅಲ್ಲಿಗೆ ಮುಟ್ಟಲಾರದಾಗಿತ್ತು. ನಾಲ್ಕು ಎಕರೆಗೆ ಮೂರು ಚೀಲ ಜೋಳವೂ ಕಣಿಕೆಯೂ ಮನೆಗೆ ಬಂದವು. ಪಕ್ಕದ ಹೊಲದ ಮುದುಕರು ಐದು ದಿನ ತಡೆದು, ಕುಂಟೆ ಹೊಡೆದು ಬಿತ್ತಿದ್ದರು. ಅವರಿಗೆ ಎಕರೆಗೆ ನಾಲ್ಕು ಚೀಲ ಆಯಿತು. ಮಳೆ ಒಂದೇ, ಬೀಜವೂ ಒಂದೇ ಅಂಗಡಿಯದು.

ಆಗ ನಡೆದದ್ದೇನೆಂಬದನ್ನು ನಾನು ಆಮೇಲೆ ತಿಳಿದವರಿಂದ ಕೇಳಿ ತಿಳಿದುಕೊಂಡೆನು. ರೋಟಾವೇಟರಿನ ಬಾಗಿದ ಅಲಗುಗಳು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತವೆ. ಮಣ್ಣು ಹದವಾಗಿದ್ದರೆ ಅಲಗು ಬಡಿದಲ್ಲಿ ಮಣ್ಣು ಒಡೆಯುವದು. ಹಸಿಯಾಗಿದ್ದರೆ ಒಡೆಯುವದಿಲ್ಲ, ಬೆಣ್ಣೆಯ ಮೇಲೆ ಕತ್ತಿ ಎಳೆದಂತೆ ಸವರಿಹೋಗುವದು. ಪ್ರತಿಯೊಂದು ಸುತ್ತಿಗೂ ಅದೇ ಆಳದಲ್ಲಿ ಅದೇ ಸವರುವಿಕೆ. ಇದರ ಮೇಲೆ ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರಿನ ಗಾಲಿಗಳ ಒತ್ತು ಬೇರೆ. ಬಿಸಿಲು ಬಿದ್ದು ಆ ಸವರಿದ ಪದರು ಒಣಗಿತೆಂದರೆ ಅದು ಇಟ್ಟಿಗೆಯೇ. ಯಂತ್ರವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕ್ರಿಯೆಯನ್ನು ತಪ್ಪಾಗಿ ಬೇಡಿದವನು ನಾನು.

ಆದುದರಿಂದ ಸಲಕರಣೆಯನ್ನು ಕೇಳುವ ಮುಂಚೆ ಮಣ್ಣನ್ನು ಕೇಳಿರಿ. ಅದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ನಿಮ್ಮ ಕುಂಟೆಯ ಕುಡವಾಗಲಿ ನೇಗಿಲಾಗಲಿ ಎಷ್ಟು ಆಳಕ್ಕೆ ಇಳಿಯುವದೋ ಅಷ್ಟು ಆಳದ ಮಣ್ಣನ್ನು ತೆಗೆಯಿರಿ. ಮೇಲಿನದನ್ನಲ್ಲ, ಅಲ್ಲಿಯೇ ನಾನು ಮೋಸಹೋದದ್ದು. ಅದನ್ನು ಅಂಗೈಯಲ್ಲಿ ದೀಪದ ಬತ್ತಿಯನ್ನು ಹೊಸೆದಂತೆ ಹೊಸೆಯಿರಿ. ಸಣ್ಣ ಬತ್ತಿಯಾಗಿ ಮುರಿಯದೆ ನಿಂತರೆ ಹೊಲಕ್ಕೆ ಯಾವ ಕಬ್ಬಿಣವನ್ನೂ ತರಬೇಡಿರಿ, ಎತ್ತಿನದಾಗಲಿ ಎಣ್ಣೆಯದಾಗಲಿ. ಬತ್ತಿಯಾಗುವಷ್ಟರಲ್ಲಿ ತುಂಡುತುಂಡಾಗಿ ಉದುರಿದರೆ ಹದ ಬಂದಿತೆಂದು ತಿಳಿಯಿರಿ. ಅಣ್ಣನು ಹಿಮ್ಮಡಿಯಿಂದ ಮಾಡಿದ್ದೂ ಇದೇ ಪರೀಕ್ಷೆ.

ಇನ್ನು ಸಲಕರಣೆಗಳ ಮಾತು. ವ್ಯಾಕರಣದಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಎರಡು ಬಗೆಯ ನಿಯಮಗಳಿವೆ. ಎಲ್ಲ ಕಡೆಗೂ ಸಲ್ಲುವದು ಉತ್ಸರ್ಗ. ವಿಶೇಷ ಕಾರಣವಿದ್ದಲ್ಲಿ ಮಾತ್ರ ಅದನ್ನು ತಡೆದು ನಿಲ್ಲುವದು ಅಪವಾದ. ಎರೆಯ ಒಕ್ಕಲುತನದಲ್ಲಿ ಕುಂಟೆಯು ಉತ್ಸರ್ಗ, ನೇಗಿಲು ಅಪವಾದ. ಇದನ್ನು ತಿರುವುಮುರುವು ಮಾಡಿಕೊಂಡವರೇ ಇಂದು ಹೆಚ್ಚು.

ಕುಂಟೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ದಿಂಡು, ಎರಡು ತಾಳು, ಅವುಗಳ ತುದಿಗೆ ಎರಡು ಮೂರು ಅಡಿಯ ಒಂದು ಕುಡ. ನೋಡಲಿಕ್ಕೆ ಬಡವರ ವಸ್ತು. ಆದರೆ ಅದು ಮಾಡುವ ಕ್ರಿಯೆಯನ್ನು ಗಮನಿಸಿರಿ. ಎರಡು ಮೂರು ಅಂಗುಲ ಆಳದಲ್ಲಿ ಕುಡವು ಅಡ್ಡಲಾಗಿ ಸಾಗಿ ಕಳೆಯ ಬೇರನ್ನು ಕೊಯ್ಯುವದು. ಮಣ್ಣನ್ನು ಮಗುಚುವದಿಲ್ಲ, ಒಳಗಿನ ಹಸಿಯನ್ನು ಬಿಸಿಲಿಗೆ ತೋರಿಸುವದಿಲ್ಲ. ಅದರ ಹಿಂದೆ ಒಂದು ಹುಡಿಯ ಹೊದಿಕೆ ಉಳಿಯುವದು. ಆ ಹುಡಿಯು ಬಿರುಕಿನ ಬಾಯನ್ನು ಮುಚ್ಚುವದು. ನಮ್ಮ ಸೀಮೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸಪ್ಟೆಂಬರದ ಸುತ್ತ ಬರುವದು. ಬಿಳಿಜೋಳವೂ ಕಡಲೆಯೂ ಕುಸುಬೆಯೂ ಮಳೆ ಹೋದ ಮೇಲೆ ಬೆಳೆಯತಕ್ಕವು. ಅಂದಬಳಿಕ ಅವು ಉಣ್ಣುವದು ಮಳೆಯನ್ನಲ್ಲ, ಮಣ್ಣಿನ ಬೊಕ್ಕಸವನ್ನು. ಒಂದು ಮೀಟರ ಆಳದ ಒಳ್ಳೆಯ ಎರೆಯು ಪೈರಿಗೆ ಒದಗುವಂಥ 150ರಿಂದ 200 ಮಿಲಿಮೀಟರ ನೀರನ್ನು ಹಿಡಿದಿಡಬಲ್ಲದು. ಆ ಬೊಕ್ಕಸವನ್ನು ತುಂಬಿಸುವದೂ ಬಾಗಿಲು ಮುಚ್ಚಿ ಕಾಯುವದೂ ಕುಂಟೆಯ ಕೆಲಸ. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಮಳೆ ಬಿದ್ದು ಹದ ಬಂದಾಗಲೆಲ್ಲ ಹರಗುತ್ತಿದ್ದ ಹಿರಿಯರು ಹುಚ್ಚರಾಗಿರಲಿಲ್ಲ.

ಕುಂಟೆಯನ್ನು ಆರಿಸುವಲ್ಲಿಯೂ ವಿವೇಕ ಬೇಕು. ಕುಡವು ಮೊಂಡಾಗಿದ್ದರೆ ಅದು ಬೇರನ್ನು ಕೊಯ್ಯದೆ ಮಣ್ಣನ್ನು ಒತ್ತಿಕೊಂಡು ಹೋಗುವದು. ಎತ್ತಿಗೂ ಭಾರ, ಹೊಲಕ್ಕೂ ಕೇಡು. ಕುಲುಮೆಗೆ ಕೊಟ್ಟು ಬಡಿಸಿದ ಕುಡಕ್ಕೂ ಕೊಡದೆ ಬಿಟ್ಟ ಕುಡಕ್ಕೂ ಇರುವ ಅಂತರ, ಎರಡು ಬೇರೆಬೇರೆ ಸಲಕರಣೆಗಳಿಗೆ ಇರುವ ಅಂತರಕ್ಕಿಂತ ಹೆಚ್ಚಿನದು. ಊರಲ್ಲಿ ಕಮ್ಮಾರನ ಕುಲುಮೆ ತಣ್ಣಗಾದ ಮೇಲೆ ಕುಂಟೆ ಕೆಲಸಕ್ಕೆ ಬಾರದೆಂಬ ಅಪವಾದವನ್ನು ಹೊತ್ತಿತು! ಇಳುಕಲಿಗೆ ಅಡ್ಡಲಾಗಿ ಹರಗಬೇಕೆಂಬದನ್ನು ಮರೆಯಬಾರದು. ಇಳುಕಲಿನಗುಂಟ ಹರಗಿದರೆ ಕುಂಟೆಯೇ ಹೊಲದ ಮಣ್ಣನ್ನು ಹಳ್ಳಕ್ಕೆ ದಾರಿ ತೋರಿಸಿದಂತಾಗುವದು. ಹಿಂಗಾರಿಗೆ ಬಿಟ್ಟ ಹೊಲದಲ್ಲಿ ಚೌಕು ಮಡಿಗಳನ್ನು ಕಟ್ಟಿಸುವದು ಇದಕ್ಕೆ ಜೋಡಿಯಾದ ಕೆಲಸ. ಇಳುಕಲು ಹೆಚ್ಚಾದಷ್ಟು ಮಡಿ ಚಿಕ್ಕದಾಗಿರಬೇಕು. ಒಡ್ಡು ಎಳೆಯುವ ಸಾಧನವು ಎತ್ತಿಗೂ ಸಿಕ್ಕುವದು, ಟ್ರ್ಯಾಕ್ಟರಿಗೂ ಸಿಕ್ಕುವದು, ಬೆಲೆ ದೊಡ್ಡದಲ್ಲ.

ಹಾಗಾದರೆ ನೇಗಿಲೇ ಬೇಡವೋ ಎಂದು ಕೇಳಬಹುದು. ಬೇಕು. ಅಪವಾದಕ್ಕೂ ತನ್ನ ಸ್ಥಳವಿದೆ. ಕರಿಕೆ ಹೊಲವನ್ನು ಹೊಕ್ಕಿತೆಂದರೆ ಕುಂಟೆ ಅದನ್ನು ಏನೂ ಮಾಡಲಾರದು. ಮೇಲೆ ಕೊಯ್ದಷ್ಟೂ ಕೆಳಗೆ ಗಂಟುಗಂಟಾಗಿ ಹಬ್ಬುವದು. ನಮ್ಮ ಹಿರಿಯರು ಅದಕ್ಕಾಗಿಯೇ ದೊಡ್ಡ ನೇಗಿಲನ್ನು ಇಟ್ಟಿದ್ದರು. ನಿತ್ಯದ ರಂಟೆ ಬೇರೆ, ಆ ನೇಗಿಲು ಬೇರೆ. ಅದಕ್ಕೆ ನಾಲ್ಕು ಜೋಡಿ ಎತ್ತುಗಳನ್ನು ಹೂಡುತ್ತಿದ್ದರು. ಒಬ್ಬರ ಮನೆಯಲ್ಲಿ ಅಷ್ಟು ಇಲ್ಲದುದರಿಂದ ನೆರೆಹೊರೆಯವರು ಕೂಡಿ ಮಾಡುತ್ತಿದ್ದರು. ಕೃಷಿಪರಾಶರವೆಂಬ ಸಂಸ್ಕೃತ ಗ್ರಂಥದಲ್ಲಿ ನೇಗಿಲಿನ ಎಂಟು ಅಂಗಗಳನ್ನು ಹೇಳಿದೆ. ಅದರಲ್ಲಿಯ ಈಷಾ ಎಂಬದೇ ನಮ್ಮ ಈಸು. ಎಂಟು ಎತ್ತುಗಳದು ಧರ್ಮದ ನೇಗಿಲು, ಆರರದು ವ್ಯವಹಾರದ್ದು, ನಾಲ್ಕರದು ಕ್ರೂರರದು, ಎರಡರದು ಗೋಘಾತಕರದು ಎಂಬ ಅಭಿಪ್ರಾಯವೂ ಅಲ್ಲಿದೆ. ಪಾಠಶಾಲೆಯಲ್ಲಿ ಇದನ್ನು ಓದುವಾಗ ಅತಿಶಯೋಕ್ತಿಯೆಂದು ನಗುತ್ತಿದ್ದೆವು. ಲೆಕ್ಕ ಹಾಕಿದರೆ ನಗೆ ನಿಲ್ಲುವದು. ಒಂದು ಜೋಡಿ ಒಳ್ಳೆಯ ಎತ್ತುಗಳ ತೂಕ 800ರಿಂದ 900 ಕಿಲೊ ಎಂದಿಟ್ಟುಕೊಳ್ಳಿರಿ. ದಿನವಿಡೀ ಸಮನಾಗಿ ಅವು ಎಳೆಯಬಲ್ಲದ್ದು ಅದರ ಹತ್ತನೆಯ ಒಂದು ಪಾಲು, ಅಂದರೆ 80–90 ಕಿಲೊದ ಎಳೆತ. ಬಿಗಿದ ಎರೆಯನ್ನು ಒಂದು ಗೇಣು ಆಳಕ್ಕೆ ಹೊರಳಿಸಲಿಕ್ಕೆ ಅದರ ಮೂರು ನಾಲ್ಕು ಪಟ್ಟು ಬೇಕು. ಎರಡೇ ಎತ್ತುಗಳಿಂದ ಅದನ್ನು ಮಾಡಿಸುವವನಿಗೆ ಪರಾಶರನು ಇಟ್ಟ ಹೆಸರು ಕಠಿಣವಾದರೂ ಕಾರಣವಿಲ್ಲದ್ದಲ್ಲ.

ಈ ಆಳದ ಉಳುಮೆಯಲ್ಲಿ ಯಂತ್ರವು ಎತ್ತಿಗಿಂತ ಮೇಲೆಂಬದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಹೊಸದನ್ನೆಲ್ಲ ಅಲ್ಲಗಳೆಯುವವನೆಂದು ನನ್ನನ್ನು ತಿಳಿಯಬೇಡಿರಿ. 1903ರಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುವದೆಂದು ಹೆದರಿ ಒಕ್ಕಲಿಗರು ಕೊಳ್ಳದೆ ಹಿಂದೆಗೆದರು. ಮೊದಲಿನ ನೇಗಿಲುಗಳು ಮಾರಿಹೋಗಲಿಕ್ಕೆ ಎರಡು ವರ್ಷ ಹಿಡಿಯಿತು. ಆ ಹೆದರಿಕೆ ಸುಳ್ಳಾಗಿತ್ತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಆ ಪುರುಷರ ನೇಗಿಲು ಮುಂದೆ ಕರಿಕೆಯ ಹೊಲಗಳನ್ನು ಎಷ್ಟೊಂದು ಉಳಿಸಿತೆಂಬದು ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ ಮಾತು. ಆದರೆ ಒಳ್ಳೆಯದೆಂದು ವರ್ಷವರ್ಷವೂ ಅದನ್ನೇ ಹೂಡುವದು ಬೇರೆ ತಪ್ಪು. 1933ರಲ್ಲಿ ತೊಡಗಿದ ಒಣ ಬೇಸಾಯದ ಯೋಜನೆಯಲ್ಲಿ ಅಂದಿನ ಬಿಜಾಪುರ, ಸೊಲ್ಲಾಪುರ, ಹಗರಿ, ರಾಯಚೂರು, ರೋಹತಕ ಎಂಬ ಐದು ಸ್ಥಳಗಳಲ್ಲಿ ಪ್ರಯೋಗಗಳು ನಡೆದವು. ಆಳದ ಉಳುಮೆಯು ಮೂರು ವರ್ಷಗಳಿಗೊಮ್ಮೆ ಸಾಕು; ಮಿಕ್ಕ ಕಾಲದಲ್ಲಿ ಕಳೆಯನ್ನು ಕಳೆದು ಹಸಿಯನ್ನು ಕಾಯುವದೇ ಮುಖ್ಯವೆಂಬ ಸಲಹೆ ಆ ಪ್ರಯೋಗಗಳಿಂದ ಬಂದಿತು. ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಹುಟ್ಟಿದ ಸಲಹೆಯನ್ನು ನಾವೇ ಮರೆತಿದ್ದೇವೆ.

ಆಳದ ಉಳುಮೆಗೆ ಕಾಲ ಇದೇ. ಜೋಳ ಕಡಲೆಗಳ ರಾಶಿ ಮುಗಿದ ಕೂಡಲೆ, ಮಣ್ಣು ಪೂರ್ತಿ ಕಲ್ಲಾಗುವ ಮೊದಲು ಉತ್ತು ದೊಡ್ಡ ಹೆಂಟೆಗಳನ್ನು ಹಾಗೆಯೇ ಬಿಡಬೇಕು. ಹೆಂಟೆಯನ್ನು ಕಂಡು ಅಂಜಬಾರದು. ಬೇಸಿಗೆಯ ಬಿಸಿಲಿಗೆ ಕಾದು ಮೊದಲ ಮಳೆಗೆ ಅದು ತಾನೇ ಅರಳುವದು. ಅದನ್ನು ಆಗಲೇ ಯಂತ್ರದಿಂದ ಪುಡಿಮಾಡಿಸುವವರು ಮಳೆರಾಯನ ಕೆಲಸಕ್ಕೆ ತಮ್ಮ ಗಂಟಿನಿಂದ ಕೂಲಿ ಕೊಟ್ಟಂತಾಗುವದು. ಹುಡಿಮಣ್ಣು ಮೊದಲ ಮಳೆಗೆ ಕೆನೆಕಟ್ಟಿ ಮುಂದಿನ ನೀರನ್ನು ಒಳಗೆ ಬಿಡದೆ ಹರಿಗೊಡುವದು ಅದರ ಮೇಲಿನ ನಷ್ಟ. ಕರಿಕೆಯ ಬುಡ ಕಿತ್ತು ಬಿಸಿಲಿಗೆ ಬೀಳಬೇಕಾದರೆ ಮಣ್ಣನ್ನು ಮಗುಚುವ ಪಲ್ಟಿ ನೇಗಿಲು ಬೇಕು. ನೆಲ ತೀರ ಒಣಗಿ ಗಡುಸಾದಲ್ಲಿ, ಅಥವಾ ಅಂಟುಮಣ್ಣು ಪಲ್ಟಿಯ ರೆಕ್ಕೆಗೆ ಮೆತ್ತಿಕೊಂಡು ಜಾರದಿರುವಲ್ಲಿ, ತಿರುಗುವ ತಟ್ಟೆಗಳ ನೇಗಿಲು ಉತ್ತಮ. ಇನ್ನು ನಾನು ಹೇಳಿದಂಥ ಗಾರೆಯ ಪದರು ಒಳಗೆ ಬಿದ್ದಿದ್ದರೆ ಮಗುಚುವದರಿಂದ ಪ್ರಯೋಜನವಿಲ್ಲ. ಉಳಿಯಂತೆ ಒಂದೂವರೆ ಅಡಿ ಕೆಳಗಿಳಿದು ಸೀಳುವ ಉಳಿನೇಗಿಲನ್ನು ಬಾಡಿಗೆಗೆ ತರಿಸಬೇಕು. ಅದನ್ನು ಕೆಳಮಣ್ಣು ಒಣಗಿರುವಾಗಲೇ ಎಳೆಯಬೇಕು. ಒಣಗಿದ್ದರೆ ಸುತ್ತಲಿನ ಮಣ್ಣು ಒಡೆದು ಬಿರಿಯುವದು. ಹಸಿಯಾಗಿದ್ದರೆ ಒಂದು ಗೀರು ಬೀಳುವದು, ಅದೂ ನಾಲ್ಕು ದಿನಕ್ಕೆ ಮುಚ್ಚಿಹೋಗುವದು. 2009ರ ಗಾರೆಯನ್ನು ಒಡೆಯಲಿಕ್ಕೆ ನಮ್ಮ ಅಣ್ಣನು ಮುಂದಿನ ಬೇಸಿಗೆಯಲ್ಲಿ ಇದನ್ನೇ ಮಾಡಿಸಿದನು. ಅದರ ಬಾಡಿಗೆಯನ್ನು ನಾನು ಕೊಟ್ಟೆನು.

ಅಂದಮೇಲೆ ರೋಟಾವೇಟರಿಗೆ ಸ್ಥಳವೇ ಇಲ್ಲವೋ? ನೀರಾವರಿಯಲ್ಲಿ ಕಬ್ಬಿನ ರವದಿಯನ್ನೂ ಹತ್ತಿಯ ಕಟ್ಟಿಗೆಯನ್ನೂ ತುಂಡರಿಸಿ ಮಣ್ಣಿಗೆ ಬೆರೆಸುವಲ್ಲಿ ಅದರ ಉಪಕಾರ ದೊಡ್ಡದು. ಅಲ್ಲಿ ಹದವನ್ನು ನಾವೇ ನೀರು ಬಿಟ್ಟು ಮಾಡಿಕೊಳ್ಳಬಹುದು. ಪೈರಿಗೆ ಆಳದ ಹಸಿಯೊಂದೇ ಗತಿಯೂ ಅಲ್ಲ. ಮಠದ ಹೊಲ ಮಳೆಯಾಶ್ರಯದ್ದು. ತಮ್ಮಲ್ಲಿ ಬಹುಮಂದಿಯ ಹೊಲವೂ ಅಂಥದೇ.

ವೆಚ್ಚದ ಒಂದು ಮಾತು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ಎರೆಗಾಗಿಯೇ ಬಹಳ ಶ್ರಮಪಟ್ಟರು. ನೀರು ನಿಲ್ಲದಂತೆ ಅಗಲವಾದ ಏರುಮಡಿಯನ್ನೂ ಅದರ ಬದಿಗೆ ಸಾಲನ್ನೂ ಮಾಡುವ ಪದ್ಧತಿಯನ್ನು ಬೆಳೆಸಿ, ಅದಕ್ಕಾಗಿ ಎತ್ತುಗಳು ಎಳೆಯುವ ಗಾಲಿಗಳ ಒಂದು ಸಾಧನವನ್ನು ಪ್ರಚಾರಕ್ಕೆ ತಂದರು. ಒಂದೇ ಚೌಕಟ್ಟಿಗೆ ನೇಗಿಲು, ಕುಂಟೆ, ಕೂರಿಗೆ ಎಲ್ಲವನ್ನೂ ಕಟ್ಟಬಹುದಾಗಿತ್ತು. ಪ್ರಯೋಗದ ಹೊಲದಲ್ಲಿ ಅದು ಸೊಗಸಾಗಿ ನಡೆಯಿತು. ಒಕ್ಕಲಿಗರ ಅಂಗಳದಲ್ಲಿ ನಿಲ್ಲಲಿಲ್ಲ. ಬೆಲೆ ಹೆಚ್ಚು, ಭಾರ ಹೆಚ್ಚು. ಇಂಥ ಗಾಲಿಸಾಧನಗಳ ಇತಿಹಾಸವನ್ನು ಅನೇಕ ದೇಶಗಳಲ್ಲಿ ವಿಚಾರಿಸಿದ ಪಾಲ್ ಸ್ಟಾರ್ಕಿ ಎಂಬವರು 1988ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲಿಯೇ, ಪರಿಪೂರ್ಣವಾಗಿಯೂ ಅದು ತಿರಸ್ಕೃತವಾಯಿತೆಂದು ಸೂಚಿಸಿದ್ದಾರೆ. ಸಾಧನವು ಒಳ್ಳೆಯದಾಗಿದ್ದರೆ ಸಾಲದು. ಅದನ್ನು ಹೊರುವ ಮನೆಯ ಶಕ್ತಿಯನ್ನೂ ನೋಡಬೇಕೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಾಲ್ಕು ಎಕರೆಯವನು ಸಾಲ ಮಾಡಿ ಟ್ರ್ಯಾಕ್ಟರು ತಂದು, ಆ ಸಾಲವನ್ನು ತೀರಿಸಲಿಕ್ಕೆ ಹದವಿಲ್ಲದ ಹೊಲಗಳಲ್ಲಿಯೂ ಬಾಡಿಗೆ ಹೊಡೆಯುವದನ್ನು ನಾವು ದಿನಾಲು ನೋಡುತ್ತಿದ್ದೇವೆ. ಕೊಟ್ಟವನಿಗೂ ಕೊಂಡವನಿಗೂ ಹೊಲಕ್ಕೂ ಅದರಿಂದ ಹಾನಿಯೇ.

ಎತ್ತುಗಳ ವಿಷಯದಲ್ಲಿ ನನಗೆ ಮೋಹವಿದೆಯೆಂದು ಕೆಲವರು ಹೇಳುವರು. ಇರಬಹುದು. ಮೇವು ತುಟ್ಟಿಯಾಗಿದೆ, ಆಳುಗಳು ಸಿಕ್ಕುವದಿಲ್ಲ, ವರ್ಷದಲ್ಲಿ ಎಷ್ಟೋ ತಿಂಗಳು ಎತ್ತುಗಳು ಸುಮ್ಮನೆ ನಿಂತು ಉಣ್ಣುತ್ತವೆ, ಇವೆಲ್ಲ ದಿಟ. ಒಂದು ಜೋಡಿಯನ್ನು ಸಾಕಲಾರದ ಮನೆಯವರಿಗೆ ಸಾಕಿರೆಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಆದರೆ ಮಠದ ಮಾತು ಬೇರೆ. ಹದಿನೆಂಟು ಅಂಗುಲದ ಸಾಲಿನಲ್ಲಿ ನಿಂತ ಜೋಳದೊಳಗೆ ದೊಡ್ಡ ಟ್ರ್ಯಾಕ್ಟರು ಹೋಗಲಾರದು. ಎರೆ ಬಾಯಿ ಬಿಡತೊಡಗಿದಾಗ ಎರಡು ಮೂರು ಸಲ ಎಡೆ ಹೊಡೆಯದಿದ್ದರೆ ಬೊಕ್ಕಸದ ಬಾಗಿಲು ತೆರೆದೇ ಉಳಿಯುವದು. ಎಡೆಕುಂಟೆಗೆ ಎತ್ತು ಬೇಕು. ಊರಲ್ಲಿ ಉಳಿದ ಜೋಡಿಗಳು ಬೆರಳೆಣಿಕೆಯಷ್ಟು. ಎಡೆಯ ಕಾಲಕ್ಕೆ ಸರತಿ ಹಚ್ಚಿ ಕಾಯುವ ಪರಿಸ್ಥಿತಿ ಬಂದಿದೆ.

ಇಷ್ಟು ವಿಚಾರಿಸಿ ನನ್ನ ಅಲ್ಪಮತಿಗೆ ತೋರಿದ್ದನ್ನು ಶ್ರೀಗಳವರ ಸನ್ನಿಧಿಯಲ್ಲಿಯೂ ದಾನಿಗಳ ಎದುರಿಗೂ ಬಿನ್ನವಿಸುತ್ತೇನೆ. ಟ್ರ್ಯಾಕ್ಟರನ್ನು ಮಠವು ಸಂತೋಷದಿಂದ ಸ್ವೀಕರಿಸಲಿ. ರೋಟಾವೇಟರಿನ ಬದಲು ಅದೇ ಹಣದಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಅಗಲವಾದ ಕುಂಟೆಯೊಂದು, ಪಲ್ಟಿ ನೇಗಿಲೊಂದು, ಒಡ್ಡು ಎಳೆಯುವ ಸಾಧನವೊಂದು ಬರಲಿ. ಹದ ಎರಡೇ ದಿನವಿದ್ದಾಗ ಅಗಲವಾದ ಕುಂಟೆಯು ನಾಲ್ಕು ಜೋಡಿಯ ಕೆಲಸವನ್ನು ಮುಗಿಸುವದು. ಟ್ರ್ಯಾಕ್ಟರಿನ ವೇಗಕ್ಕೆ ನಿಜವಾದ ಬೆಲೆ ಅಲ್ಲಿಯೇ. ಗಾಲಿಗಳು ಪ್ರತಿಸಲವೂ ಅದೇ ಜಾಡಿನಲ್ಲಿ ಹೋಗುವಂತೆ ನಡೆಸುವವನಿಗೆ ಹೇಳಬೇಕು, ಒತ್ತು ಬೀಳುವದಾದರೆ ಒಂದೇ ಕಡೆಗೆ ಬೀಳಲಿ. ಪಲ್ಟಿ ನೇಗಿಲು ಮಠಕ್ಕೆ ಮೂರು ವರ್ಷಗಳಿಗೊಮ್ಮೆ ಬೇಕಾಗುವದು; ಉಳಿದೆರಡು ವರ್ಷ ಕರಿಕೆ ಹೊಕ್ಕ ಭಕ್ತರ ಹೊಲಗಳಿಗೆ ಎಣ್ಣೆಯ ಖರ್ಚಿನ ಮೇಲೆ ಹೋಗಿಬರಲಿ. ಎರಡು ಜೋಡಿ ಎತ್ತುಗಳು ಮಠದಲ್ಲಿ ಉಳಿಯಲಿ. ಎಡೆಯ ಕಾಲದಲ್ಲಿ ಅವೂ ಊರವರಿಗೆ ಒದಗಲಿ. ಕುಡ ಬಡಿಯುವ ಒಂದು ಕುಲುಮೆಗೆ ಮಠದ ಹಿಂದಿನ ಖೋಲಿಯನ್ನು ಬಿಟ್ಟುಕೊಡುವದಾದರೆ ನನ್ನ ವೇತನದಿಂದ ಅದರ ತಿದಿಯನ್ನೂ ಅಡಿಗಲ್ಲನ್ನೂ ಕೊಡಿಸುವೆನು. ದಾನಿಗಳು ನಿನ್ನೆಯೇ ನನ್ನೊಡನೆ ಈ ವಿಷಯವನ್ನು ಮಾತನಾಡಿ, ತಮ್ಮ ಕಣ್ಣಿಗೆ ತೋರಿಸಿದರೆ ಒಪ್ಪುವದಾಗಿ ಹೇಳಿದ್ದಾರೆ. ಅವರ ಮಾತು ನ್ಯಾಯವಾದದ್ದು.

ಆದುದರಿಂದ ಮಠದ ಹಿಂದಿನ ಹೊಲದಲ್ಲಿ ಎರಡು ಕುಣಿಗಳನ್ನು ಮೊಳಕಾಲುದ್ದ ತೋಡಿಸಿದೆ. ಒಂದು, ಹೋದ ವರ್ಷ ಅವಸರಕ್ಕೆ ಬಾಡಿಗೆಯ ರೋಟಾವೇಟರು ಹೊಡೆಯಿಸಿದ ತುಂಡಿನಲ್ಲಿ. ಇನ್ನೊಂದು, ಬರಿಯ ಕುಂಟೆಯಿಂದ ಹರಗಿದ ತುಂಡಿನಲ್ಲಿ. ಎರಡರಲ್ಲಿಯೂ ಜೋಳದ ಕೂಳೆ ಹಾಗೆಯೇ ಇದೆ. ಪ್ರಸಾದವಾದ ಮೇಲೆ, ಬಿಸಿಲು ಇಳಿಯುತ್ತಲೆ, ಎಲ್ಲರೂ ದಯಮಾಡಿ ಅಲ್ಲಿಗೆ ಬರಬೇಕು. ಬರುವಾಗ ಒಂದೊಂದು ಚೂರಿಯನ್ನೋ ಬಡಿಗೆಯನ್ನೋ ತಂದು, ಕುಣಿಯ ಗೋಡೆಯನ್ನು ಮೇಲಿಂದ ಕೆಳಗೆ ಬೆರಳಿಗೊಂದರಂತೆ ಚುಚ್ಚಿ ನೋಡಿರಿ. ಬೇರು ಎಲ್ಲಿ ಹೊರಳಿದೆಯೆಂಬದನ್ನು ತೋರಿಸಲಿಕ್ಕೆ ನಮ್ಮ ಅಣ್ಣನು ಬೆಳಗಿನಿಂದ ಅಲ್ಲಿಯೇ ಕುಳಿತಿದ್ದಾನೆ.